ಟಾರ್ಪಾಲು ಹೊದ್ದ ಎ.ಸಿ.

ಮೊನ್ನೆ ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲಿಗೆ ಇನ್ನೂ ಹೊತ್ತಿದೆಯೆಂದು ಬೀದಿ ಅಳೆಯುತ್ತಿದ್ದೆ. ಒಂದು ಬಟ್ಟೆ ಅಂಗಡಿಯ ಪಕ್ಕದಲ್ಲಿ ಎ.ಸಿ.ಯ ಹೊರಗಿನ ಪೆಟ್ಟಿಗೆ ನೀಲಿ ಟಾರ್ಪಾಲು ಹೊದ್ದು ಜ್ವರದ ರೋಗಿಯಂತೆ ನರಳುತ್ತಿತ್ತು. ಬಿಸಿ ಪ್ಲಾಸ್ಟಿಕ್ಕಿನ ವಾಸನೆ... ಕಾಲು ತಾನಾಗಿ ನಿಂತಿತು. ಆ ವಾಸನೆಯನ್ನು ಈ ಸೀಮೆಯಲ್ಲಿ ನನ್ನಷ್ಟು ಬಲ್ಲವರು ಇರಲಾರರು. ಅಂಥದ್ದೇ ಟಾರ್ಪಾಲಿನಿಂದ ಒಂದು ಕಂಪ್ರೆಸರನ್ನು ಕೈಯಾರೆ ಕೊಂದವನು ನಾನು.

ಆಗ ನಾನು ರಾಬರ್ಟ್‌ಸನ್‌ಪೇಟೆಯ ಒಂದು ಕಲ್ಯಾಣಮಂಟಪದ ಮ್ಯಾನೇಜರು. ಅಲ್ಲಿನ ದೊಡ್ಡ ಎ.ಸಿ.ಗೆ ಊರಿನಲ್ಲಿದ್ದ ಮರ್ಯಾದೆ ನನಗಿರಲಿಲ್ಲ. ಲಗ್ನಪತ್ರಿಕೆಯಲ್ಲಿ ವಧುವಿನ ಹೆಸರಿನ ಮುಂದೆ ಬಿ.ಕಾಂ. ಇದ್ದರೆ, ಮಂಟಪದ ಹೆಸರಿನ ಮುಂದೆ ಎ.ಸಿ. ಇರುತ್ತಿತ್ತು. ಒಂದು ಬೇಸಿಗೆ, ಆರತಕ್ಷತೆಯೊಂದಕ್ಕೆ ಒಂದೇ ದಿನ ಉಳಿದಿರುವಾಗ, ಆ ಎ.ಸಿ. ಒಮ್ಮೆ ಗೊರ್ರೆಂದು ಸದ್ದಡಗಿತು.

ಮೇಸ್ತ್ರಿಯನ್ನು ಕರೆಸಿದೆವು. ಚಿನ್ನದ ಗಣಿಯ ಕೂಲಿಯವರ ಸಾಲುಮನೆಗಳಾದ ಕೋರಮಂಡಲ್ ಲೈನಿನ ಮನುಷ್ಯ. ಹರೆಯದಲ್ಲಿ ಗಣಿಯೊಳಗೆ ಇಳಿದವರು. ಆಮೇಲೆ ಪಾತಾಳಕ್ಕೆ ತಣ್ಣನೆಯ ಗಾಳಿ ಕಳಿಸುವ ಯಂತ್ರದ ಮನೆಯಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೆ ಊರಿನ ಎ.ಸಿ.ಗಳೆಲ್ಲ ಅವರ ಕೈಗೆ ಬಂದಿದ್ದವು. "ಆವಾಗ ಕೂಲಿಯವ್ರಿಗೆ ತಂಪು ಕೊಟ್ಟೆ, ಈಗ ಬೀಗ್ರಿಗೆ" ಅನ್ನುತ್ತಿದ್ದರು.

ಮಂಟಪದ ಯಜಮಾನರು ಅವರನ್ನು ತಾರಸಿಯ ಮೆಟ್ಟಿಲಲ್ಲೇ ಅಡ್ಡಹಾಕಿದರು. "ಓದ ವರ್ಷ ತಾನೇ ನೀನು ಒಸ ಕಂಪ್ರೆಸರ್ ಹಾಕಿದ್ದು? ಒಂದು ಬೇಸ್ಗೇನೂ ತಡೀಲಿಲ್ವಲ್ಲಯ್ಯ! ಇದೇ ಕೊನೆ ನೋಡು."

ನಮ್ಮ ಯಜಮಾನರು ಬೆಳಿಗ್ಗೆ ಆಡಿದ ಮಾತು ಸಂಜೆಯೊಳಗೆ ಬಜಾರಿನ ಕೊನೆಯ ಅಂಗಡಿ ಮುಟ್ಟುತ್ತಿತ್ತು. ಮೇಸ್ತ್ರಿಗೆ ಹೆಸರು ಹೋಯಿತೆಂದರೆ ಹೊಟ್ಟೆಪಾಡೂ ಹೋಯಿತು.

ಅವರು ಕಂಪ್ರೆಸರಿನ ಎಣ್ಣೆಯನ್ನು ಒಂದಿಷ್ಟು ಲೋಟಕ್ಕೆ ಇಳಿಸಿ, ಪಂಡಿತರು ಕಷಾಯ ಮೂಸುವಂತೆ ಮೂಸಿದರು. ಎಣ್ಣೆ ಕಪ್ಪಾಗಿ ಕಟುವಾಗಿ ನಾರುತ್ತಿತ್ತು. "ಸುಟ್ಟೋಗೈತೆ ಸಾರ್. ಉಸಿರು ಕಟ್ಟಿ ಸತ್ತೈತೆ. ಇದಕ್ಕೆ ಟಾರ್ಪಾಲ್ ಕಟ್ಟಿದ್ದು ಯಾರು?"

ನಾನು ಎದೆಯುಬ್ಬಿಸಿ ವಿವರಿಸಿದೆ. ಬೇಸಿಗೆಯ ಗಾಳಿ ಎದ್ದರೆ, ಚಿನ್ನ ತೆಗೆದುಳಿದ ಪುಡಿ ಸುರಿದ ಸಯನೈಡ್ ದಿಬ್ಬದ ಬಿಳಿ ದೂಳು ಊರಿನ ಮೇಲೆ ಬಂದು ಕೂರುತ್ತದೆ. ಕಿಟಕಿ ಮುಚ್ಚು, ಕೊಡಕ್ಕೆ ಬಟ್ಟೆ ಕಟ್ಟು ಎಂಬುದು ನಮಗೆ ಅಕ್ಷರಾಭ್ಯಾಸಕ್ಕಿಂತ ಮುಂಚಿನ ಪಾಠ. ಕೊಡಕ್ಕೇ ಅಷ್ಟು ಕಾಳಜಿಯಾದರೆ ಎ.ಸಿ.ಗೆ ಬೇಡವೆ? ಡೇರೆ ಹಾಕಿಸಿದ್ದೆ. ಅದು ಆಗಾಗ ತಾನೇ ನಿಲ್ಲುತ್ತಿತ್ತು. ನಾನೇ ಖುದ್ದು ಹತ್ತಿ ಕೆಂಪು ಬಟನ್ ಒತ್ತಿ ಮತ್ತೆ ಓಡಿಸುತ್ತಿದ್ದೆ.

"ದಿನಕ್ಕೆ ಎಷ್ಟು ಸಾರಿ?"

"ಹತ್ತು, ಹನ್ನೆರಡು... ಒಂದು ಸಲವೂ ಬೇಸರಿಸಿಲ್ಲ."

"ಅಯ್ಯೋ ಸ್ವಾಮಿ! ಒಳಗಿನ ಬಿಸೀನ ಆಚೆ ಉಗಿಯೋಕಲ್ವಾ ಈ ಫ್ಯಾನು? ಬಾಯಿಗೆ ಬಟ್ಟೆ ತುರುಕ್ಬಿಟ್ಟು ಓಡು ಓಡು ಅಂದ್ರೆ?"

ಅಷ್ಟರಲ್ಲಿ ಕೆಳಗಿನಿಂದ ಯಜಮಾನರ ದನಿ: "ಏನಾಗಿತ್ತಂತೆ ಅದಕ್ಕೆ?"

ಒಂದು ಮಾತು ಸಾಕಿತ್ತು, ಮೇಸ್ತ್ರಿಯ ಹೆಸರು ಉಳಿಯುತ್ತಿತ್ತು. ಅವರು ನನ್ನ ಮುಖ ನೋಡಿದರು. "ಎಲ್ಲಾ ಒಸದಾಗಿ ಮಾಡಿಕೊಡ್ತೀನಿ ಬುಡಿ ಯಜಮಾನ್ರೇ" ಎಂದು ಕೂಗಿ, ಟಾರ್ಪಾಲನ್ನು ನಾಲ್ಕು ಮಡಿಕೆ ಮಾಡಿ, ಅದರ ಮೇಲೇ ಕೂತು ಹಳೆಯ ಕಂಪ್ರೆಸರ್ ಬಿಚ್ಚತೊಡಗಿದರು. ನಾನು ಮ್ಯಾನೇಜರಿಗೆ ತಕ್ಕ ಗಾಂಭೀರ್ಯದಿಂದ ಬಾಯಿ ಮುಚ್ಚಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಹೊಸ ಕಂಪ್ರೆಸರ್ ಬೆಂಗಳೂರಿನಿಂದ ಬಂಗಾರಪೇಟೆಗೆ ಬಂತು. ಗೂಡ್ಸ್ ಆಟೋದ ಹಿಂದೆ ಕೂತು ಅದನ್ನು ತಬ್ಬಿಕೊಂಡೇ ತಂದೆ. ಹಗ್ಗ ಹಾಕಿ ತಾರಸಿಗೆ ಎಳೆಯಬೇಕು. ಮೇಸ್ತ್ರಿ ಮೇಲಿನಿಂದ ಸ್ಪ್ಯಾನರಿನಲ್ಲಿ ಕಂಬಿಗೆ ಮೂರು ಬಾರಿ ಬಡಿದರು. ಗಣಿಯ ಗಂಟೆಯ ಕಾನೂನು: ಮೂರು ಎಂದರೆ ಮೇಲೆತ್ತು, ಒಂದು ಎಂದರೆ ನಿಲ್ಲಿಸು. ಹಗ್ಗ ಹಿಡಿದಿದ್ದ ನಾಲ್ವರು ಹಳೆಯ ಗಣಿಯವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಸಲ ಬಡಿದೊಡನೆ ನಾಲ್ವರೂ ಕಲ್ಲಾದರು. ಐದನೆಯವನಾದ ನಾನು, ವಿದ್ಯಾವಂತ, ಎಳೆಯುತ್ತಲೇ ಇದ್ದೆ.

"ಮೇನೇಜರ್ ಸಾರ್ನ ಹಗ್ಗದಿಂದ ಬಿಡಿಸ್ರಪ್ಪಾ!"

ಪೈಪು ತೊಳೆದು, ಫಿಲ್ಟರ್ ಬದಲಿಸಿ, ಬೆಸುಗೆ ಹಾಕಿ, ಸೋಪಿನ ನೊರೆ ಹಚ್ಚಿ ಸೋರುತ್ತದೆಯೇ ನೋಡಿ, ಕೊನೆಗೆ ಒಳಗಿನ ಗಾಳಿ, ತೇವ ಎಲ್ಲ ಹೀರುವ ಪಂಪು ಹಚ್ಚಿದರು. ಸಂಜೆ ಐದು ಗಂಟೆಯಾಯಿತು. ವಾಲಗದವರು ಬಂದಾಯಿತು, ಪಂಪು ಇನ್ನೂ ಹೀರುತ್ತಲೇ ಇದೆ. ಯಜಮಾನರು ಮೂರನೆಯ ಸಲ ಮೆಟ್ಟಿಲು ಹತ್ತಿದರು. "ಗ್ಯಾಸ್ ಬುಡಯ್ಯ, ಜನ ಬತ್ತಾವ್ರೆ!"

"ತೇವ ಉಳಿದ್ರೆ ಇದೂ ಓಯ್ತದೆ. ಜನ ತಡೀತಾರೆ ಯಜಮಾನ್ರೇ, ಇದು ತಡೆಯಲ್ಲ."

ಆರಕ್ಕೆ ಗ್ಯಾಸ್ ಬಿಟ್ಟು ಸ್ವಿಚ್ ಹಾಕಿದರು. ಕ್ಷಣ ನಿಶ್ಶಬ್ದ... ಆಮೇಲೆ ಹದವಾದ ಗುಂಯ್! ನನ್ನ ಕೈ ಎಳೆದು ಪೈಪಿನ ಮೇಲಿಟ್ಟರು. ತಣ್ಣಗಾಗುತ್ತಿತ್ತು, ಅಂಗೈಯಡಿ ಹನಿಯೊಡೆಯಿತು. ಅದು ಬೆವರತೊಡಗಿತು, ನಾವು ಬೆವರುವುದನ್ನು ಬಿಟ್ಟೆವು. ನನ್ನ ಮದುವೆಯಲ್ಲೂ ಕುಣಿಯದ ನಾನು ಆ ತಾರಸಿಯ ಮೇಲೆ ಕುಣಿದೆ.

ಕೆಳಗೆ ಯಜಮಾನರು ತಂಗಾಳಿಗೆ ಮುಖವೊಡ್ಡಿ ನಿಂತಿದ್ದರು. "ಪರವಾಗಿಲ್ಲ ಮೇಸ್ತ್ರಿ. ಆದ್ರೂ ಹಳೇದನ್ನ ಕೆಡ್ಸಿದ್ದು ಕೆಡ್ಸಿದ್ದೇ."

ಮೇಸ್ತ್ರಿ ಸ್ಪ್ಯಾನರ್ ಒರೆಸುತ್ತಿದ್ದರು. ನಾನು ಕೋರ್ಟಿನ ಸಾಕ್ಷಿಯಂತೆ ಗಂಟಲು ಸರಿಮಾಡಿಕೊಂಡೆ. "ಕೆಡಿಸಿದ್ದು ಅವರಲ್ಲ, ನಾನು. ಟಾರ್ಪಾಲು ಹೊದಿಸಿದ್ದೆ."

ಯಜಮಾನರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾಕೆ, ಎ.ಸಿ.ಗೆ ಚಳಿ ಆಯ್ತದೆ ಅಂತಾನಾ?"

ವಾಲಗದವರೂ ನಕ್ಕರು. ಮೇಸ್ತ್ರಿ ಎಲ್ಲರಿಗಿಂತ ಹೆಚ್ಚು ನಕ್ಕು, ನಗು ಕೆಮ್ಮಾಗಿ, ಕಂಬ ಹಿಡಿದು ಕೂತರು. ನಗು ನಿಂತ ಮೇಲೂ ಕೆಮ್ಮು ನಿಲ್ಲಲಿಲ್ಲ... ಅಂದು ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವರ ಹೆಸರು ಉಳಿಯಿತು. ನನಗೆ 'ಟಾರ್ಪಾಲು ಮ್ಯಾನೇಜರು' ಎಂಬ ಹೊಸ ಹೆಸರು ಬಂತು.

ಗಣಿಯ ದೂಳು ಅವರ ಎದೆಯೊಳಗೆ ಎಂದೋ ಕೂತಿತ್ತು. ಕೊನೆಯ ಸಲ ಲೈನಿನ ಮನೆಗೆ ಹೋದಾಗ ಮಾತಾಡುವಷ್ಟು ಉಸಿರಿರಲಿಲ್ಲ. ನನ್ನನ್ನು ನೋಡಿ, ಮಂಚದ ಕಂಬಿಗೆ ಬೆರಳಿನಿಂದ ಮೂರು ಸಲ ತಟ್ಟಿದರು. ನಾನು ಬೆನ್ನಿಗೆ ಕೈ ಕೊಟ್ಟು ಮೇಲೆತ್ತಿ ಕೂರಿಸಿದೆ. ಒಂದು ತಟ್ಟಿದರು, ನಿಲ್ಲಿಸಿದೆ. ಈ ಸಲ ತಪ್ಪಲಿಲ್ಲ. ಅವರ ಕಣ್ಣು ನಕ್ಕಿತು... ಆ ವಾರವೇ ಹೋದರು.

ಮೊನ್ನೆ ಬಂಗಾರಪೇಟೆಯಲ್ಲಿ ಆ ಬಟ್ಟೆ ಅಂಗಡಿಯವನನ್ನು ಕೇಳದೆಯೇ ಟಾರ್ಪಾಲಿನ ಹಗ್ಗ ಬಿಚ್ಚಿದೆ. ಅವನು ಓಡಿ ಬಂದ. "ಏನ್ ಸಾರ್, ಮೆಕ್ಯಾನಿಕ್ಕಾ?"

"ಅಲ್ಲಪ್ಪ. ಒಬ್ಬ ಮೇಸ್ತ್ರಿ ಗೊತ್ತಿದ್ರು."

ಪೆಟ್ಟಿಗೆ ಬಿಸಿಯುಸಿರನ್ನು ಭುಸ್ಸೆಂದು ನನ್ನ ಮುಖದ ಮೇಲೆ ಬಿಟ್ಟಿತು. ಅಲ್ಲೇ ನಿಂತುಕೊಂಡೆ. ರೈಲು ಹೋಯಿತು.