ರೋಮಿನದಲ್ಲದ ಒಂದು ಜಾಡಿ

ಬೀದರ್ ಸ್ಟೇಷನ್ನಿನಲ್ಲಿ ರೈಲು ಹತ್ತುವಾಗ ನನ್ನ ಚೀಲದಲ್ಲಿ ಎರಡು ಸೀರೆ, ಒಂದು ಸ್ವೆಟರ್, ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ ಮತ್ತು ಒಂದು ಭೂತಗನ್ನಡಿ ಇದ್ದವು. ಫೆಬ್ರವರಿಯ ಮೊದಲ ವಾರ. ಉದಗೀರ್ ದಾಟುವವರೆಗೂ ಕಿಟಕಿ ತೆರೆಯಲಾಗದಷ್ಟು ಚಳಿಯಿತ್ತು. ಎದುರಿನ ಸೀಟಿನ ಹೆಂಗಸು ನಾನೆಲ್ಲಿಗೆ ಹೊರಟಿದ್ದೇನೆಂದು ಕೇಳಿದಳು. ಛತ್ರಪತಿ ಸಂಭಾಜಿನಗರಕ್ಕೆ, ಒಂದು ಜಾಡಿ ನೋಡಲು ಎಂದೆ. ಉಪ್ಪಿನಕಾಯಿಯ ಜಾಡಿಯೇ ಎಂದಳು. ಅಲ್ಲ, ಎರಡು ಸಾವಿರ ವರ್ಷದ ಹಿಂದೆ ಇಟಲಿಯಿಂದ ಮದ್ಯ ತುಂಬಿಕೊಂಡು ಬಂದದ್ದಂತೆ ಎಂದೆ. ಆಕೆ ನನ್ನ ಹಣೆಯ ವಿಭೂತಿ ನೋಡಿದಳು, ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು.

ಇಂಥ ನೋಟ ನನಗೆ ಹೊಸದಲ್ಲ. ಹುಮನಾಬಾದಿನ ದರ್ಜಿಯ ಮಗಳು ಪ್ರಾಚೀನ ರೋಮಿನ ಇತಿಹಾಸ ಓದುತ್ತೇನೆಂದಾಗ ಮನೆಯವರು ನಕ್ಕರು, ಕಾಲೇಜಿನವರು ಬುದ್ಧಿ ಹೇಳಿದರು. ಚಿತ್ರದುರ್ಗದ ಚಂದ್ರವಳ್ಳಿಯ ಮಣ್ಣಿನಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ ಎಂದು ಒಂದು ದಿನ ಪಾಠದ ನಡುವೆ ಕೇಳಿದ್ದೆ. ಆ ನಾಣ್ಯ ಅಷ್ಟು ದೂರ ಬರಬಹುದಾದರೆ ನಾನು ಯಾಕೆ ಅದರ ಹಿಂದೆ ಹೋಗಬಾರದು ಎನಿಸಿತು, ಅಷ್ಟೆ. ಪುಣೆಯಲ್ಲಿ ಒಬ್ಬ ಮುದುಕ ಪಾದ್ರಿಯವರ ಬಳಿ ಲ್ಯಾಟಿನ್ ಕಲಿತೆ. ವಿದ್ಯಾರ್ಥಿವೇತನ ಸಿಕ್ಕಿ ಎರಡು ಬೇಸಿಗೆ ನೇಪಲ್ಸ್ ಬಳಿಯ ಉತ್ಖನನದಲ್ಲಿ ಕೂತು ಮಡಕೆ ಚೂರು ತೊಳೆದೆ, ವಿಂಗಡಿಸಿದೆ. ಆಮೇಲೆ ಬೀದರಿಗೆ ಬಂದು, ರೋಮಿಗೆ ಪಠ್ಯದಲ್ಲಿ ಒಂದೇ ಅಧ್ಯಾಯವಿದ್ದ ಕಾಲೇಜಿನಲ್ಲಿ ನಿವೃತ್ತಿಯವರೆಗೂ ಪಾಠ ಮಾಡಿದೆ. ಲೇಖನಗಳನ್ನು ಬರೆದೆ, ಪರದೇಶದವರು ಓದಿದರು. ಆದರೆ ನನ್ನದೆಂದು ಹೇಳಿಕೊಳ್ಳುವ ಒಂದು ಉತ್ಖನನ ನನಗೆ ಸಿಗಲಿಲ್ಲ. ಅರ್ಜಿ ಹಾಕಿದಾಗಲೆಲ್ಲ, ರೋಮ್ ಓದಿದವರಿಗೆ ಇಲ್ಲೇನು ಕೆಲಸ ಎಂಬ ಉತ್ತರ ಬರುತ್ತಿತ್ತು.

ಈಗ ಕೆಲಸವಿದೆ ಎಂದು ಕರೆ ಬಂದಿತ್ತು. ಬಿಡಕಿನ್‌ನ ಹೊಸ ಕೈಗಾರಿಕಾ ಪ್ರದೇಶದಲ್ಲಿ ಯಂತ್ರದ ಬಿಡಿಭಾಗಗಳ ಕಾರ್ಖಾನೆ ನಡೆಸುವ ಕದಮ್ ಶೇಠ್ ಎಂಬವರು ಅದರ ಪಕ್ಕದಲ್ಲೇ ಒಂದು ವಸ್ತುಸಂಗ್ರಹಾಲಯ ಕಟ್ಟಿಸಿದ್ದರು. ಅವರಿಗೊಂದು ರೋಮನ್ ಜಾಡಿ ಸಿಕ್ಕಿತ್ತು. ಅದನ್ನು ನೋಡಿ ಬರಹದಲ್ಲಿ ಅಭಿಪ್ರಾಯ ಕೊಡಬೇಕು, ಸಂಗ್ರಹಾಲಯಕ್ಕೆ ನಿರ್ದೇಶಕಿಯೂ ಆಗಬೇಕು. ಶಾತವಾಹನರ ರಾಜಧಾನಿಯಾಗಿದ್ದ ಪೈಠಣದ ಸುತ್ತ ಸರ್ಕಾರದ ಪರವಾನಗಿ ಪಡೆದು ಉತ್ಖನನ ಮಾಡುವುದಾದರೆ ಖರ್ಚೆಲ್ಲ ತಮ್ಮದು ಎಂದೂ ಹೇಳಿದ್ದರು. ಆ ಫೋನ್ ಇಟ್ಟ ಮೇಲೆ ನಾನು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕಿದ್ದೆ.

ಪರಳಿ, ಪರಭಣಿ, ಜಾಲನಾ ದಾಟಿ ಸಂಭಾಜಿನಗರದಲ್ಲಿ ಇಳಿದಾಗ ಬಿಸಿಲು ಬಾಗಿತ್ತು. ಸ್ಟೇಷನ್ ಬೋರ್ಡಿನಲ್ಲಿ ಹೊಸ ಹೆಸರು, ರಿಕ್ಷಾದವನ ಬಾಯಲ್ಲಿ ಹಳೆಯದು. ಸ್ಟೇಷನ್ ರಸ್ತೆಯ ಲಾಡ್ಜಿನಲ್ಲಿ ಕೋಣೆ ಹಿಡಿದು, ಎದುರಿನ ಖಾನಾವಳಿಯಲ್ಲಿ ಜೋಳದ ಭಾಕ್ರಿ, ಕಡಲೆಹಿಟ್ಟಿನ ಪಿಠ್ಲ, ಹಸಿಮೆಣಸಿನ ಠೇಚಾ ತಿಂದೆ. ನಮ್ಮ ಕಡೆಯ ರುಚಿಯೇ, ಖಾರ ಸ್ವಲ್ಪ ಹೆಚ್ಚು.

ಮರುದಿನ ಶೇಠ್ ಕಾರು ಕಳಿಸಿದ್ದರು. ಪೈಠಣ ರಸ್ತೆಯಲ್ಲಿ ಮುಕ್ಕಾಲು ಗಂಟೆಯ ದಾರಿ. ಬಿಡಕಿನ್‌ನಲ್ಲಿ ರಸ್ತೆಗಳು ಊರಿಗಿಂತ ಮುಂಚೆ ಬಂದಿವೆ. ಅಗಲವಾದ ಡಾಂಬರು, ಸಾಲು ದೀಪದ ಕಂಬ, ನಡುವೆ ಖಾಲಿ ಕಪ್ಪು ಮಣ್ಣು. ಸಂಗ್ರಹಾಲಯದ ಹಿಂದೆ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ಅಲ್ಲೊಬ್ಬಳು ಬಟ್ಟೆ ಒಗೆಯುತ್ತ ಮಗುವನ್ನು ಕನ್ನಡದಲ್ಲಿ ಬೈಯುತ್ತಿದ್ದಳು. ನಿಂತು ಮಾತಾಡಿಸಿದೆ.

"ಯಾವೂರವ್ವಾ?"

"ಶಹಾಪುರ ಕಡೀಯವ್ರಿ. ನೀವು ಆ ಗಡಿಗಿ ನೋಡಾಕ ಬಂದವ್ರೇನ್ರಿ? ನಮ್ಮ ಮನ್ಯಾವ್ರೇ ಒಳಗ ಹೊತ್ತು ಇಟ್ಟಾರ. ಒಡದ್ರ ನಿಮ್ಮ ಖಾಂದಾನ ಮಾರಿದ್ರೂ ತೀರಂಗಿಲ್ಲ ಅಂದಿದ್ರಂತ ಮಾಲಕ್ರು."

ಒಳಗೆ ಶೇಠರ ಜೊತೆ ಇನ್ನೊಬ್ಬರು ಕೂತಿದ್ದರು. ಪ್ರೊಫೆಸರ್ ಜೋಗಳೇಕರ್. ಪುಣೆಯಲ್ಲಿ ನನ್ನ ಮಾರ್ಗದರ್ಶಕರಾಗಲು ಒಪ್ಪದೆ, "ರೋಮನ್ನು ಇಟಲಿಯವರು ನೋಡಿಕೊಳ್ಳುತ್ತಾರೆ, ನೀನು ನಿಮ್ಮ ಕಲ್ಯಾಣದ ಶಾಸನ ನೋಡು" ಎಂದಿದ್ದವರು. ಈಗ ಶೇಠರ ಸಲಹೆಗಾರರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎದ್ದು ನಿಂತು ನಮಸ್ಕರಿಸಿದೆ.

ಜಾಡಿಯನ್ನು ಗಾಜಿನ ಪೆಟ್ಟಿಗೆಯಿಂದ ಇಳಿಸಿದರು. ಉದ್ದನೆಯದು, ಬಂದೂಕಿನ ತೋಟೆಯ ಆಕಾರ, ಮಸುಕು ಹಳದಿ ಮಣ್ಣು. ನೋಡಿದ ಕ್ಷಣಕ್ಕೇ ನನಗೆ ಅನುಮಾನ ಬಂತು. ಆದರೂ ಅವಸರ ಮಾಡಲಿಲ್ಲ. ಒಡೆದ ಅಂಚಿಗೆ ಭೂತಗನ್ನಡಿ ಹಿಡಿದೆ, ಒಳಗೆ ಟಾರ್ಚ್ ಹಾಕಿದೆ, ಬೆರಳಾಡಿಸಿದೆ, ಮತ್ತೆ ನೋಡಿದೆ.

"ಶೇಠ್‌ಜೀ, ಇದು ರೋಮಿನದಲ್ಲ," ಎಂದೆ.

ಶೇಠ್ ನಕ್ಕರು. ತಮಾಷೆ ಎಂದುಕೊಂಡರೇನೋ.

ವಿವರಿಸಿದೆ. ರೋಮಿನವರು ಮದ್ಯ, ಎಣ್ಣೆ ಸಾಗಿಸುತ್ತಿದ್ದ ಜಾಡಿಗೆ ಆಂಫೋರಾ ಎನ್ನುತ್ತಾರೆ. ಅದಕ್ಕೆ ಹಿಡಿಯಲು ಕತ್ತಿನ ಬಳಿ ಎರಡು ಕಿವಿಗಳಿರುತ್ತವೆ. ಇದಕ್ಕೆ ಕಿವಿಯೂ ಇಲ್ಲ, ಕಿವಿ ಮುರಿದ ಗುರುತೂ ಇಲ್ಲ. ನೇಪಲ್ಸ್ ಕಡೆಯ ಜಾಡಿಯ ಮಣ್ಣಿನಲ್ಲಿ ಜ್ವಾಲಾಮುಖಿಯ ಕರಿ ಮರಳು ಮಿನುಗುತ್ತದೆ, ಎರಡು ಬೇಸಿಗೆ ಆ ಮರಳು ನನ್ನ ಉಗುರಿನಲ್ಲೇ ಇತ್ತು. ಇದರಲ್ಲಿ ಅದಿಲ್ಲ. ಒಳಗೆ ಟಾರಿನಂಥ ದಪ್ಪ ಲೇಪವಿದೆ. ಇಂಥವು ಇರಾಕ್, ಇರಾನಿನ ಕಡಲ ದಂಡೆಯಿಂದ ಬಂದವು, ಅದೂ ರೋಮಿನ ವೈಭವ ಮುಗಿದ ಎಷ್ಟೋ ಕಾಲದ ಮೇಲೆ. "ಇದೂ ಸಣ್ಣ ವಸ್ತುವಲ್ಲ. ಇದು ಏನೋ ಅದನ್ನೇ ಫಲಕದಲ್ಲಿ ಬರೆಸಿ, ನಾನೇ ಬರೆದುಕೊಡುತ್ತೇನೆ. ಎಲ್ಲಿ ಸಿಕ್ಕಿತು?"

"ಒಬ್ಬ ವ್ಯಾಪಾರಿ ಕೊಟ್ಟ."

"ಹಾಗಾದರೆ ಮೊದಲು ಪುರಾತತ್ವ ಇಲಾಖೆಗೆ ತಿಳಿಸಿ, ನೋಂದಣಿ ಮಾಡಿಸಿ."

ಶೇಠರ ನಗು ಮಾಯವಾಯಿತು. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆ, ಆಮಂತ್ರಣ ಪತ್ರಿಕೆಯ ಮೇಲೆ ಇದೇ ಜಾಡಿಯ ಚಿತ್ರ, ಕೆಳಗೆ 'ರೋಮಿನಿಂದ ಪೈಠಣಕ್ಕೆ' ಎಂದು ಅಚ್ಚಾಗಿದೆ ಎಂದು ಹೇಳಿ, ಪ್ರೊಫೆಸರರತ್ತ ನೋಡಿ, ಎದ್ದು ಹೊರಗೆ ಹೋದರು.

ಜೋಗಳೇಕರ್ ಚಹಾ ನನ್ನತ್ತ ಸರಿಸಿದರು. "ಗಂಗಾಂಬಿಕಾ, ನನಗೂ ಗೊತ್ತು."

"ಗೊತ್ತಿದ್ದೂ ಹೇಳಲಿಲ್ಲವೇ ಸರ್?"

"ಒಂದು ಫಲಕ. ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ, ಯಾರು ಓದುತ್ತಾರೆ? ಅದರ ಬದಲು ನಿನಗೊಂದು ಉತ್ಖನನ ಸಿಗುತ್ತದೆ. ಇಡೀ ಜೀವಮಾನ ಕಾದಿದ್ದೀಯಲ್ಲ. ಅಗೆದು ಹತ್ತು ನಿಜ ಹೊರಗೆ ತೆಗಿ. ಒಂದು ಸುಳ್ಳು ಅದರಲ್ಲಿ ಮುಚ್ಚಿಹೋಗುತ್ತದೆ."

ಕಿಟಕಿಯಾಚೆ ಹೊಸ ಕಟ್ಟಡಕ್ಕೆ ಪಾಯ ತೋಡಿದ್ದರು. ಕಪ್ಪು ಮಣ್ಣು, ಅದರ ಕೆಳಗೆ ಬೂದಿ ಬಣ್ಣ, ಇನ್ನೂ ಕೆಳಗೆ ಹಳದಿ. ಗುಂಡಿಯ ಗೋಡೆಯ ಪದರಗಳನ್ನು ನಾನು ಬಹಳ ಹೊತ್ತು ನೋಡಿದೆ. ಆಸೆಯಾಗಲಿಲ್ಲ ಎಂದರೆ ಸುಳ್ಳು. ಚಹಾದ ಮೇಲೆ ಕೆನೆ ಕಟ್ಟಿತು.

"ಸರ್," ಎಂದೆ. "ರೋಮ್ ಓದಬೇಡ ಎಂದಿರಿ, ಓದಿದೆ. ಈಗ ರೋಮ್ ಅಲ್ಲದ್ದನ್ನು ರೋಮ್ ಅನ್ನು ಎನ್ನುತ್ತೀರಿ. ಅನ್ನುವುದಿಲ್ಲ."

"ಸಹಿ ಬೇಡ. ಸುಮ್ಮನಾದರೂ ಇರು."

"ಕೇಳಿದವರಿಗೆ ಹೇಳುತ್ತೇನೆ. ಅದು ನನ್ನ ಕಸುಬು."

ಮರಳಿ ಹೋಗಲು ಕಾರು ಇರಲಿಲ್ಲ. ಡ್ರೈವರ್ ಊಟಕ್ಕೆ ಹೋಗಿದ್ದಾನೆ, ಯಾವಾಗ ಬರುತ್ತಾನೋ ಗೊತ್ತಿಲ್ಲ ಎಂದರು. ಚೀಲ ಹೆಗಲಿಗೇರಿಸಿ ಪೈಠಣ ರಸ್ತೆಯವರೆಗೆ ನಡೆದು, ಜನ ತುಂಬಿದ ಷೇರ್ ಜೀಪು ಹತ್ತಿದೆ. ಧೂಳಿಗೂ ಸಿಟ್ಟಿಗೂ ಕಣ್ಣು ಉರಿಯುತ್ತಿತ್ತು.

ಮರುದಿನ ನಾಸಿಕಕ್ಕೆ ಕೆಂಪು ಬಸ್ಸು ಹಿಡಿದೆ. ಅಲ್ಲಿಯ ಒಂದು ಕಾಲೇಜಿನಲ್ಲಿ ನನ್ನ ಉಪನ್ಯಾಸ ಮೊದಲೇ ನಿಗದಿಯಾಗಿತ್ತು. ಮಹಾರಾಷ್ಟ್ರದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಅರ್ಧ ಟಿಕೆಟ್. ನಮ್ಮಲ್ಲಿ ಪೂರ್ತಿ ಬಿಟ್ಟಿ ಎಂದು ಕಂಡಕ್ಟರನಿಗೆ ಹೇಳಿದೆ. "ಹಾಗಾದರೆ ವಾಪಸ್ ಹೋಗಿ ಅಲ್ಲಿಂದಲೇ ಹತ್ತಿ ತಾಯಿ," ಎಂದ. ಬಸ್ಸೆಲ್ಲ ನಕ್ಕಿತು, ನಾನೂ ನಕ್ಕೆ. ವೈಜಾಪುರದವರೆಗೆ ಚೆನ್ನಾಗಿತ್ತು. ಆಮೇಲೆ ಆ ಪಾಯದ ಗುಂಡಿ ಮತ್ತೆ ಮತ್ತೆ ಕಣ್ಣಿಗೆ ಬಂತು. ಅರವತ್ತು ದಾಟಿದವಳಿಗೆ ಇನ್ನೊಂದು ಕರೆ ಬರುವುದಿಲ್ಲ. ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಯೇವಲೆ ದಾಟಿದಾಗ ಫೋನ್ ಬಂತು. ಉಪನ್ಯಾಸ ಏರ್ಪಡಿಸಿದ್ದ ವೈಶಾಲಿ ಎಂಬ ಅಧ್ಯಾಪಕಿ.

"ಮೇಡಂ, ನಾಳೆಯ ಕಾರ್ಯಕ್ರಮ ಇಲ್ಲ. ಸಭಾಂಗಣ ರಿಪೇರಿ ಎಂದು ಹೇಳಲು ಹೇಳಿದ್ದಾರೆ. ನಿಜ ಏನೆಂದರೆ, ನಮ್ಮ ಟ್ರಸ್ಟಿಗಳಿಗೆ ಬಿಡಕಿನ್‌ನಿಂದ ಯಾರೋ ಫೋನ್ ಮಾಡಿದರಂತೆ. ನನಗೆ ನಾಚಿಕೆಯಾಗುತ್ತಿದೆ."

ಕಣ್ಣೀರು ಅಲ್ಲಿಗೇ ನಿಂತಿತು. "ಸಭಾಂಗಣ ರಿಪೇರಿ ಸರಿ. ಪಾಂಡವಲೇಣಿಯ ಗುಡ್ಡಕ್ಕೇನೂ ರಿಪೇರಿ ಇಲ್ಲವಲ್ಲ?"

ನಾಸಿಕದ ಹೊರಗಿನ ಆ ಗುಡ್ಡದಲ್ಲಿ ಎರಡು ಸಾವಿರ ವರ್ಷದ ಹಿಂದೆ ಬಂಡೆ ಕೊರೆದು ಮಾಡಿದ ಲೇಣಿಗಳಿವೆ. ಅರ್ಥವಾಗಿ ಆಕೆ ಮೆಲ್ಲಗೆ, "ಇಲ್ಲ ಮೇಡಂ. ನಾಳೆ ಹೇಗೂ ಭಾನುವಾರ," ಎಂದಳು.

ನಿಫಾಡ್‌ನಲ್ಲಿ ರಸ್ತೆಯ ಎರಡೂ ಬದಿ ದ್ರಾಕ್ಷಿ ಕೊಯ್ಲು ನಡೆದಿತ್ತು. ಕಾಗದ ಸುತ್ತಿದ ಗೊಂಚಲುಗಳನ್ನು ಹೆಂಗಸರು ಕ್ರೇಟಿಗೆ ತುಂಬುತ್ತಿದ್ದರು. ಬಸ್ಸು ನಿಂತಲ್ಲಿ ಒಂದು ಕಿಲೋ ಕೊಂಡು, ತೊಳೆಯದೆ ತಿಂದೆ.

ನಾಸಿಕದಲ್ಲಿ ನನ್ನ ಚಿಕ್ಕಮ್ಮನ ಮಗಳು ಕಲಾವತಿಯ ಮನೆ. ಗಂಡ ಕಟ್ಟಡದ ಕೆಲಸದಲ್ಲಿ ಮುಕಾದಮ, ಅಂದರೆ ಕೂಲಿಯವರ ಮೇಲ್ವಿಚಾರಕ. ಪಾಥರ್ಡಿ ಫಾಟಾದಲ್ಲಿ ಬಾಡಿಗೆಗಿದ್ದಾರೆ. ಅವಳ ಅಡುಗೆಮನೆಯ ಕಿಟಕಿಯಿಂದ ಲೇಣಿಯ ಗುಡ್ಡ ಕಾಣುತ್ತದೆ. ಮಕ್ಕಳು ಕನ್ನಡದಲ್ಲಿ ಕೇಳಿಸಿಕೊಂಡು ಮರಾಠಿಯಲ್ಲಿ ಉತ್ತರಿಸುತ್ತಾರೆ. ಎಣ್ಣೆಗಾಯಿ ಪಲ್ಯ, ಬಿಸಿ ರೊಟ್ಟಿ ಬಡಿಸುತ್ತ ಎಲ್ಲ ಕೇಳಿದಳು.

"ಒಂದ್ ಸಹಿ ಮಾಡಿದ್ರ ಏನಾಗ್ತಿತ್ರಿ ಅಕ್ಕಾ? ಜಗತ್ತೇನ್ ಮುಳುಗ್ತಿತ್ತೇನ್ರಿ?"

"ನಿನ್ನ ಗಂಡ ಸಿಮೆಂಟಿನ್ಯಾಗ ಬರೇ ಉಸುಕು ಹಾಕಿ, ಗ್ವಾಡಿ ಗಟ್ಟಿ ಅದ ಅಂತ ಹೇಳ್ತಾನೇನು?"

"ಅವ್ರು ಹೇಳಂಗಿಲ್ಲ ಬಿಡ್ರಿ. ಅದಕ್ಕೇ ಎರಡು ಕೆಲಸ ಹೋದ್ವು." ಹಂಚಿನ ಮೇಲಿನ ರೊಟ್ಟಿ ತಿರುವಿದಳು. "ನಾಳಿ ಗುಡ್ಡಕ್ಕ ನಾನೂ ಬರ್ತೀನ್ರಿ. ಬಿಲ್ಡಿಂಗಿನ ಹೆಣ್ಮಕ್ಕಳನ್ನೂ ಕರೀತೀನಿ. ಕುರ್ಚಿ ತುಂಬಾಕ ಮಂದಿ ಬೇಕಲ್ರಿ," ಎಂದಳು.

"ಅಲ್ಲಿ ಕುರ್ಚಿ ಇಲ್ಲ ಕಲಾ."

"ಮತ್ತೂ ಚಲೋ ಆತು."

ಬೆಳಗಿನ ಚಳಿಯಲ್ಲಿ ಮೆಟ್ಟಿಲು ಹತ್ತಿದೆವು. ಮೇಲೆ ಸೀಳುಗಾಳಿ. ವೈಶಾಲಿ ಬಂದಿದ್ದಳು. ಅವಳ ಹಿಂದೆ ವಿದ್ಯಾರ್ಥಿಗಳ ಸಣ್ಣ ಗುಂಪು, ಕಲಾವತಿಯ ಹಿಂದೆ ಬೀದರ್, ಕಲಬುರಗಿ ಕಡೆಯ ಹೆಂಗಸರು, ಊಟದ ಬುತ್ತಿ. ಕಾವಲುಗಾರ ಬಂದು, ಭಾಷಣಕ್ಕೆ ಅನುಮತಿ ಇದೆಯೇ ಎಂದ. ಟಿಕೆಟ್ ತೋರಿಸಿ, ನಮ್ಮವರ ಜೊತೆ ಮಾತಾಡುತ್ತೇನೆ, ಮೈಕಿಲ್ಲ ಎಂದೆ. ಅವನು ಸ್ವಲ್ಪ ದೂರದಲ್ಲಿ ಕೂತ.

ಹಿಂದಿಯಲ್ಲಿ ಶುರು ಮಾಡಿದೆ, ನಡುನಡುವೆ ಕನ್ನಡ. ಉತ್ತರದಿಂದ ಬಂದ ಒಬ್ಬ ಯವನ ತನ್ನ ತಾಯಿತಂದೆಯ ಪುಣ್ಯಕ್ಕಾಗಿ ಕೊರೆಸಿದ ಲೇಣಿಯ ಮುಂದೆ ನಿಂತು, ಗೋಡೆಯ ಬ್ರಾಹ್ಮೀ ಅಕ್ಷರಗಳನ್ನು ಒಂದೊಂದಾಗಿ ಓದಿ ಹೇಳಿದೆ.

"ಅಂದರೆ ರೋಮಿನವನು?" ಒಬ್ಬ ವಿದ್ಯಾರ್ಥಿನಿ ಕಣ್ಣರಳಿಸಿ ಕೇಳಿದಳು.

"ಅಲ್ಲ. ಯವನ ಎಂದರೆ ಮೊದಲು ಗ್ರೀಕರು. ಇವನು ಎಲ್ಲಿಯವನೆಂದು ಇಲ್ಲೇ ಬರೆಸಿದ್ದಾನೆ. ರೋಮ್ ಎಂದಿಲ್ಲ."

"ಮತ್ತ ನಿಮ್ಮ ರೋಮ್ ಎಲ್ಲದ್ರಿ ಅಕ್ಕಾ?" ಹಿಂದಿನಿಂದ ಕಲಾವತಿ.

ಎಲ್ಲರೂ ನಕ್ಕರು. ಆಗ ಹೇಳಿದೆ. ಈ ಘಟ್ಟಗಳನ್ನಿಳಿದು ಬಂದರಿಗೆ ಹೋದ ಅರಿವೆಯ ಬಗ್ಗೆ, ಬದಲಿಗೆ ಬಂದ ನಾಣ್ಯದ ಬಗ್ಗೆ. ಧಾರಾಶಿವ ಜಿಲ್ಲೆಯ ತೇರ್ ಎಂಬ ಊರಲ್ಲಿ ರೋಮನ್ ನಾಣ್ಯದ ಅಚ್ಚನ್ನು ಮಣ್ಣಿನಲ್ಲಿ ಒತ್ತಿ, ಸುಟ್ಟು, ತೂತು ಮಾಡಿ ಕೊರಳಿಗೆ ಕಟ್ಟಿಕೊಳ್ಳುತ್ತಿದ್ದರು ಎಂದೆ.

"ಅಂದ್ರ ಆವಾಗ್ನೂ ಒನ್ ಗ್ರಾಮ್ ಗೋಲ್ಡ್ ಇತ್ತನ್ರಿ!" ಎಂದಳು ಕಲಾವತಿ. ವೈಶಾಲಿ ಮರಾಠಿಯಲ್ಲಿ ಹೇಳಿದ ಮೇಲೆ ಕಾವಲುಗಾರನೂ ನಕ್ಕ.

ಆಮೇಲೆ ಆ ಜಾಡಿಯ ವಿಷಯಕ್ಕೆ ಬಂದೆ. ಯಾರ ಹೆಸರೂ ಎತ್ತಲಿಲ್ಲ. ಕಿವಿಯಿಲ್ಲದ, ಒಳಗೆ ಕಪ್ಪು ಲೇಪವಿರುವ ಜಾಡಿ ಎಲ್ಲಿ ಕಂಡರೂ, ಯಾವ ಫಲಕ ಏನೇ ಹೇಳಿದರೂ, ಅದು ರೋಮಿನದಲ್ಲ ಎಂದೆ. ಯಾಕೆಂದು ನೆಲದ ಧೂಳಿನಲ್ಲಿ ಎರಡೂ ಜಾಡಿಗಳ ಚಿತ್ರ ಗೀಚಿ ತೋರಿಸಿದೆ. ಹುಡುಗರು ಮೊಬೈಲಿನಲ್ಲಿ ಹಿಡಿದುಕೊಂಡರು. ಹಿಡಿಯಲಿ ಎಂದೇ ಧ್ವನಿ ಏರಿಸಿದೆ. ಬಿಸಿಲು ನೆತ್ತಿಗೆ ಬರುವವರೆಗೆ ಮಾತಾಡಿದೆ. ಬಾಯಾರಿತ್ತು, ಆದರೆ ಅಷ್ಟು ಚೆನ್ನಾಗಿ ನಾನು ಯಾವ ಸಭಾಂಗಣದಲ್ಲೂ ಮಾತಾಡಿರಲಿಲ್ಲ.

ಸೋಮವಾರ ನಾಸಿಕ ರೋಡ್ ಸ್ಟೇಷನ್ನಿಗೆ ರಿಕ್ಷಾ ಮಾಡಿಕೊಂಡು ಹೊರಟೆ. ಹೆದ್ದಾರಿಗೆ ಬರುವಷ್ಟರಲ್ಲಿ ಜೋಗಳೇಕರ್ ಫೋನ್ ಮಾಡಿದರು.

"ನಿನ್ನ ವೀಡಿಯೋ ಎಲ್ಲ ಕಡೆ ಹರಿದಾಡುತ್ತಿದೆ. ಆಮಂತ್ರಣದ ಮೇಲಿನ ಚಿತ್ರ ನೋಡಿ ಪತ್ರಿಕೆಯವರು ಶೇಠರನ್ನು ಕೇಳಿದ್ದಾರೆ. ಆಮಂತ್ರಣ ಪತ್ರಿಕೆ ಮತ್ತೆ ಅಚ್ಚು ಹಾಕಿಸುತ್ತಿದ್ದಾರೆ. ಫಲಕದಿಂದ ರೋಮ್ ಎಂಬ ಮಾತು ತೆಗೆಸಿದರು. ನಿರ್ದೇಶಕಿಯ ಜಾಗದಿಂದ ನಿನ್ನ ಹೆಸರನ್ನೂ ತೆಗೆಸಿದರು. ಉತ್ಖನನ ಮರೆತುಬಿಡು. ಸಿಕ್ಕಿದ್ದೇನು ನಿನಗೆ?"

ರಿಕ್ಷಾ ನಿಲ್ಲಿಸಲು ಹೇಳಿ ಇಳಿದೆ. ಹಿಂದೆ ಗುಡ್ಡದ ನಡುವಿಗೆ ಕರಿ ಗೀರೆಳೆದಂತೆ ಲೇಣಿಗಳ ಸಾಲು ಕಾಣುತ್ತಿತ್ತು. ಅಲ್ಲಿ ಮೆಟ್ಟಿಲು ಹತ್ತುವವರು ಬಣ್ಣದ ಚುಕ್ಕೆಗಳಂತೆ ಇದ್ದರು.

"ಸರ್, ಎರಡು ತೆಗೆಸಿದರು ಎಂದಿರಲ್ಲ," ಎಂದೆ. "ಅದರಲ್ಲಿ ಮೊದಲನೆಯದು ಸಿಕ್ಕಿತು, ಸಾಕು."

ಅವರು ಏನೋ ಹೇಳಿದರು. ಲಾರಿಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಮತ್ತೆ ಹೇಳಿ ಎಂದು ನಾನೂ ಕೇಳಲಿಲ್ಲ.