ಬೆಳೆಯುವ ಫ್ರಾಕು

ಹೊಲಿಗೆ ಶಾಲೆಯಲ್ಲಿ ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು. ಮಿಕ್ಕವರಿಗೆ ಇಪ್ಪತ್ತರ ಆಚೀಚೆ. ಅವಳಿಗೆ ನಲವತ್ತು ದಾಟಿತ್ತು. ತಾಯಿ ಹೋದ ಮೇಲೆ ಒಂದೇ ಕೋಣೆಯ ಮನೆಯಲ್ಲಿ ಒಬ್ಬಳೇ. ಅಲ್ಲಿ ಅವಳು ಬಾಯಿಬಿಟ್ಟು ಏನಾದರೂ ಅನ್ನುತ್ತಿದ್ದರೆ ಅದು ಉಕ್ಕುವ ಹಾಲಿಗೆ ಮಾತ್ರ. ಬಟ್ಟೆ ಕಾರ್ಖಾನೆಯ ಮೇಸ್ತ್ರಿ, ಪರೀಕ್ಷೆ ಪಾಸಾಗಿ ಬಂದರೆ ಒಂದು ಮಿಷನ್ ಕೊಡುತ್ತೇನೆ ಎಂದಿದ್ದ. ಸಂಬಳಕ್ಕಿಂತ ಅಲ್ಲಿ ಕೂರುವ ಹೆಂಗಸರ ಸಾಲೇ ಅವಳ ಕಣ್ಣಿಗೆ ಕಟ್ಟಿತ್ತು: ಎಡಕ್ಕೊಬ್ಬಳು, ಬಲಕ್ಕೊಬ್ಬಳು.

ಪರೀಕ್ಷೆಗೆ ಕೊಟ್ಟ ಕೆಲಸ ಮೂರು ವರ್ಷದ ಮಗುವಿನ ಫ್ರಾಕು. ಅಳತೆಯೆಲ್ಲ ಬೋರ್ಡಿನ ಮೇಲಿತ್ತು. ಅಲಂಕಾರ ಮಾತ್ರ ಅವರವರ ಇಷ್ಟ. ಅವಳು ಕೆಳಗಿನ ಅಂಚನ್ನು ನಾಲ್ಕಿಂಚು ಒಳಕ್ಕೆ ಮಡಿಸಿ ಹೊಲಿದಳು. ಟೀಚರು ಟೇಪು ಹಿಡಿದು ನೋಡಿದರು.

“ಅಕ್ಕಾ, ಕೈ ಚೆನ್ನಾಗಿದೆ. ಆದ್ರೆ ಕೇಳಿದ್ದು ಒಂದಿಂಚು.”

“ಮಗು ಬೆಳೆಯುತ್ತಲ್ಲ ಮೇಡಂ. ಆಮೇಲೆ ಬಿಚ್ಚಿ ಇಳಿಸ್ಕೋಬಹುದು ಅಂತ.”

“ಪರೀಕ್ಷೆ ಮುಗಿಯೋವರೆಗೆ ಬೆಳೀಬೇಡ ಅಂತ ಹೇಳಿ ಅದಕ್ಕೆ.”

ಹುಡುಗಿಯರು ನಕ್ಕರು. ಅವಳೂ ನಕ್ಕಳು, ಸ್ವಲ್ಪ ತಡವಾಗಿ. ಹೀಗೇ ಕೊಟ್ಟರೆ ಫೇಲು ಎಂದು ಟೀಚರು ಮೆತ್ತಗೆ ಹೇಳಿ, ಮರುದಿನದವರೆಗೆ ಸಮಯ ಕೊಟ್ಟರು.

ಮನೆಗೆ ಬಂದು ಅಂಚು ಬಿಚ್ಚಿದಳು. ಮಿಕ್ಕ ಮೂರಿಂಚು ಕತ್ತರಿಸಿ ಎಸೆದರೆ ಮುಗಿದುಹೋಗುತ್ತಿತ್ತು. ಕತ್ತರಿ ಹಿಡಿದಳು, ಕೆಳಗಿಟ್ಟಳು. ಯಾವ ಮಗುವೂ ತೊಡದ ಫ್ರಾಕಿಗೆ ಇಷ್ಟೇಕೆ ಹಟ ಎಂದು ತನ್ನನ್ನೇ ಬೈದುಕೊಂಡಳು. ಮನಸ್ಸು ಒಪ್ಪಲಿಲ್ಲ. ಅಲಂಕಾರ ಅವರವರ ಇಷ್ಟ ಎಂದದ್ದು ಆಮೇಲೆ ನೆನಪಾಯಿತು. ಅಂಚಿನ ಮೇಲ್ಗಡೆ, ಸುತ್ತಲೂ, ಅರ್ಧರ್ಧ ಇಂಚಿನ ಮೂರು ಮಡಿಕೆ ಹಿಡಿದಳು. ಒಂದೊಂದೂ ಒಂದಿಂಚು ಬಟ್ಟೆ ನುಂಗಿತು. ಮಗು ಬೆಳೆದಾಗ ನೂಲು ಎಳೆದರೆ ಸಲೀಸಾಗಿ ಬಿಚ್ಚಿ ಬರಲೆಂದು ದೊಡ್ಡ ಹೊಲಿಗೆ ಹಾಕಿದಳು. ಅಂಚು ಸರಿಯಾಗಿ ಒಂದಿಂಚು.

ಟೀಚರು ಅಳೆದರು. ಮಡಿಕೆಯ ಹೊಲಿಗೆ ದೊಡ್ಡದಾಯಿತೆಂದು ಎರಡು ಅಂಕ ಕಳೆದು ಪಾಸು ಮಾಡಿದರು. ಮಡಿಕೆ ಯಾಕೆಂದು ಕೇಳಲಿಲ್ಲ. ಕೇಳಿದರೆ ಹೇಳಲೆಂದು ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು. ಫ್ರಾಕು ಮೇಡಂ ಕೈಯಿಂದ ಕಪಾಟಿಗೆ ಹೋಯಿತು, ಮುಂದಿನವಳನ್ನು ಕರೆದರು.

ಕಾರ್ಖಾನೆಯಲ್ಲಿ ಸಾಲಿನ ನಡುವೆಯೇ ಜಾಗ ಸಿಕ್ಕಿತು. ಮಿಷನ್‌ಗಳ ಸದ್ದಿಗೆ ಪಕ್ಕದವಳಿಗೂ ಕೂಗಿಯೇ ಹೇಳಬೇಕು. ಮೊದಲ ದಿನ ನೂಲು ಬೇಕೆಂದು ಕೂಗಿದಳು, ಮನೆಯೆಲ್ಲಿ ಅಂದಿದ್ದಕ್ಕೆ ಕೂಗಿದಳು, ಮನೇಲಿ ಯಾರ್ಯಾರಿದ್ದೀರಿ ಅಂದಿದ್ದಕ್ಕೆ ಕೇಳಿಸದವಳಂತೆ ತಲೆಯಾಡಿಸಿದಳು. ಸಂಜೆಗೆ ಗಂಟಲು ಕಟ್ಟಿತ್ತು. ಬೀಗ ತೆಗೆದು ಒಳಗೆ ಬಂದಳು. ಗಂಟಲು ಕಟ್ಟಿದೆಯೆಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಉಪ್ಪುನೀರು ಕಾಯಲಿಟ್ಟು ಒಲೆಯ ಮುಂದೆ ನಿಂತಳು.