ರೇಷ್ಮೆ ಕಟ್ಟಿದ ಬಿಟ್ಟಿ ಮಷೀನು

ಬಿಟ್ಟಿ ಸಿಕ್ಕ ವಸ್ತುವಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಎಂಬತ್ತರ ದಶಕದ ಆರಂಭದಲ್ಲಿ, ಬಾದಾಮಿಯಿಂದ ಇಳಕಲ್ಲಿನ ನೇಕಾರರ ಮನೆಗೆ ಸೊಸೆಯಾಗಿ ಬಂದಾಗ ಆ ಅನುಮಾನವನ್ನೂ ಜೊತೆಗೇ ತಂದಿದ್ದೆ. ಕನ್ನಡ ಟೈಪಿಂಗಿನ ಜೂನಿಯರ್ ಪರೀಕ್ಷೆ ಆಗಲೇ ಮುಗಿದಿತ್ತು. ಸೀನಿಯರ್ ಪಾಸಾದರೆ ಹುನಗುಂದದ ಕಚೇರಿಯೊಂದರಲ್ಲಿ ಕೆಲಸ ಸಿಗುವ ಆಸೆಯಿತ್ತು. ಆಗ ನಮ್ಮ ಕಡೆ ಪರೀಕ್ಷೆಗೆ ಟೈಪ್‌ರೈಟರನ್ನು ನಾವೇ ಹೊತ್ತೊಯ್ಯಬೇಕಿತ್ತು. ಅಂದರೆ ಮನೆಯಲ್ಲೊಂದು ಮಷೀನು ಬೇಕು.

ಬಾಗಲಕೋಟೆಯ ಅಂಗಡಿಯಲ್ಲಿ ಹೊಸದೊಂದನ್ನು ನೋಡಿ ಮನಸೋತಿದ್ದೆ. ಗಂಡ ಕೊಡಿಸಲು ಒಪ್ಪಿಯೂ ಇದ್ದರು. ಅಷ್ಟರಲ್ಲಿ ಅತ್ತೆಯ ಅಣ್ಣ, ನಿವೃತ್ತ ಗುಮಾಸ್ತರು, ತಮ್ಮ ಹಳೆಯ ಮಷೀನನ್ನು ಸುಮ್ಮನೆ ಕಳಿಸಿಕೊಟ್ಟರು. ಅಕ್ಷರ ಒತ್ತಿದಾಗ ಕಾಗದದ ಉರುಳೆಯನ್ನು ಎಡಕ್ಕೆ ಎಳೆಯುವ ದಾರವೇ ಹರಿದಿತ್ತು.

"ನೋಡ್ರಿ, ಬಿಟ್ಟಿ ಬಂದದ್ದರ ಹಣೇಬರಹ," ಎಂದೆ.

ಅತ್ತೆ ಮಷೀನನ್ನು ತಿರುಗಿಸಿ, ಬಗ್ಗಿ ನೋಡಿದರು. "ಇದೂ ಮಗ್ಗನ ಐತಿ ತಗೋ. ದಾರ ಹರದ್ರ ಮಗ್ಗಾ ಒಗಿತಾರೇನು?"

ಹತ್ತಿ ನೂಲನ್ನು ನಾಲ್ಕೆಳೆ ಹುರಿ ಮಾಡಿ, ಉರುಳೆಯನ್ನು ಎಳೆಯುವ ಸ್ಪ್ರಿಂಗಿನ ಡಬ್ಬಿಯನ್ನು ಐದಾರು ಸುತ್ತು ತಿರುವಿ ಗಂಟು ಹಾಕಿಬಿಟ್ಟರು. ಉರುಳೆ ಓಡತೊಡಗಿತು. ಹೊಸ ಮಷೀನಿನ ಮಾತು ಅಲ್ಲಿಗೇ ನಿಂತಿತು.

ಒಂದೇ ಕೋಣೆಯಲ್ಲಿ ಅವರ ಮಗ್ಗ, ನನ್ನ ಮಷೀನು. ತಿಂಗಳಿಗೊಮ್ಮೆ ನೂಲು ಸವೆಯುತ್ತಿತ್ತು, ಅವರು ಎದ್ದು ಬಂದು ಬದಲಿಸುತ್ತಿದ್ದರು.

"ನೀನೂ ಕಲಕೋ ತಂಗಿ. ನಾ ಎಲ್ಲಿ ತನಕ ಕಟ್ಟಲಿ?"

"ನಾ ಟೈಪ್ ಮಾಡಾಕೀರಿ ಅತ್ತಿ, ನೇಯಾಕಿ ಅಲ್ಲ."

ಅವರು ಬೇಸರಿಸಲಿಲ್ಲ. ಬೇಸರಿಸಿದ್ದರೆ ಚೆನ್ನಾಗಿತ್ತು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಪರೀಕ್ಷೆಯ ಹಿಂದಿನ ದಿನ ಅತ್ತೆ ಗಟ್ಟಿಯಿದ್ದ ಹತ್ತಿ ದಾರವನ್ನು ಬಿಚ್ಚಿ, ಸೆರಗಿಗೆಂದು ಇಟ್ಟಿದ್ದ ಕೆಂಪು ರೇಷ್ಮೆಯನ್ನು ಹುರಿ ಮಾಡಿ ಕಟ್ಟಿದರು. ಶುಭಕಾರ್ಯಕ್ಕೆ ಅವರ ಲೆಕ್ಕದಲ್ಲಿ ಹತ್ತಿ ನಡೆಯುತ್ತಿರಲಿಲ್ಲ. "ಪರೀಕ್ಷಾ ಅಂದ್ರ ಸಣ್ಣ ಕೆಲಸ ಏನು? ರೇಷ್ಮಿನ ಇರಲಿ." ಮಷೀನನ್ನು ಕೌದಿಯಲ್ಲಿ ಸುತ್ತಿ, ಬಿಚ್ಚಿದ ಹತ್ತಿ ದಾರದಿಂದ ಅದರ ಬಾಯಿ ಕಟ್ಟಿದರು.

ಮರುದಿನ ಮಷೀನನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಾಗಲಕೋಟೆಗೆ ಹೋದೆ. ಜೊತೆಗೆ ಬಂದ ಅತ್ತೆ ಗೇಟಿನ ಹೊರಗೆ ಬೇವಿನ ನೆರಳಲ್ಲಿ ಕುಳಿತರು. ಒಳಗೆ ಕಾಗದ ಸೇರಿಸಿ ಒಂದು ಸಾಲು ಒತ್ತಿ ನೋಡಿದೆ. ಉರುಳೆ ಅರ್ಧಕ್ಕೇ ನಿಂತಿತು. ನುಣುಪಾದ ರೇಷ್ಮೆಯ ಗಂಟು ಜಾರಿ ಬಿಚ್ಚಿಕೊಂಡಿತ್ತು. ಪಕ್ಕದ ಹುಡುಗಿಯ ಮುಂದೆ ಹೊಚ್ಚ ಹೊಸ ಮಷೀನು. ನನಗೆ ಮೊದಲು ಸಿಟ್ಟು ಬಂತು, ಆಮೇಲೆ ಅಳು.

"ಹತ್ತು ಮಿನಿಟಿಗೆ ಗಂಟಿ ಆಗ್ತೈತ್ರಿ," ಎಂದರು ಮೇಲ್ವಿಚಾರಕರು. "ಹೊರಗ ಹೋಗಂಗಿಲ್ಲ."

ಕೌದಿಗೆ ಕಟ್ಟಿದ್ದ ಹತ್ತಿ ದಾರ ಕಣ್ಣಿಗೆ ಬಿತ್ತು. ಕಲಿಯುವುದಿಲ್ಲ ಎಂದು ಹಟ ಹಿಡಿದಿದ್ದೆನೇ ಹೊರತು, ಅವರು ಕಟ್ಟುವುದನ್ನು ನೋಡದೆ ಇರಲಿಲ್ಲ. ಆ ದಾರವನ್ನೇ ತೆಗೆದುಕೊಂಡು, ಡಬ್ಬಿ ತಿರುವಿ ಗಂಟು ಹಾಕಿದೆ. ಬಿಚ್ಚಿತು. ಎರಡನೆಯ ಸಲ ಅತ್ತೆಯ ಹಾಗೆಯೇ ಬೆರಳಿಗೆ ಎಂಜಲು ಹಚ್ಚಿ ಎಳೆದೆ. ಪರೀಕ್ಷೆ ಮುಗಿಯುವವರೆಗೂ ಆ ಗಂಟು ಅಲುಗಲಿಲ್ಲ.

ಹೊರಡುವ ಮುನ್ನ, ಹತ್ತಿ ಕಾಣದಂತೆ ಅದರ ಮೇಲೆ ಕೆಂಪು ರೇಷ್ಮೆಯನ್ನು ಸುತ್ತಿದೆ.

"ಕೌದಿ ದಾರ ಎಲ್ಲಿ ಹೋತು?" ಎಂದು ಅತ್ತೆ ಕೇಳಿದರು.

"ಎಲ್ಲೋ ಬಿತ್ರಿ."

"ಹೋಗ್ಲಿ ಬಿಡು. ರೇಷ್ಮಿ ಹೆಂಗಿತ್ತು?"

"ಭಾಳ ಗಟ್ಟಿ ಇತ್ರಿ."

ನಾನು ಪಾಸಾದೆ. ರೇಷ್ಮೆ ಕಟ್ಟಿದ್ದಕ್ಕೇ ಪಾಸಾದಳು ಎಂದು ಅತ್ತೆ ಓಣಿಯ ತುಂಬಾ ಹೇಳಿಕೊಂಡು ಬಂದರು. ಕೆಲಸವೂ ಸಿಕ್ಕಿತು. ಇನ್ನಾದರೂ ಮನೆಗೆ ಹೊಸ ಮಷೀನು ತರೋಣವೇ ಎಂದು ಗಂಡ ಕೇಳಿದರು. ಬೇಡವೆಂದೆ.

ಮುಂದಿನ ಸಲ ದಾರ ಸವೆದಾಗ ಅತ್ತೆ ಮಗ್ಗದಿಂದ ಏಳಹೊರಟರು.

"ಕೂಡ್ರಿ ಅತ್ತಿ," ಎಂದೆ. "ನಾನ ಕಟ್ಟತೇನಿ."

ಅವರು ಕೂತಲ್ಲಿಂದಲೇ ನನ್ನ ಗಂಟನ್ನು ನೋಡಿದರು. ಎಲ್ಲಿ ಕಲಿತೆ ಎಂದು ಕೇಳಲಿಲ್ಲ.